ನಾರ್ಬರ್ಟನ ಹುಳದ ಡಬ್ಬ

ದೋಣಿಯ ಬಿರಡೆ ಕಳೆದುಹೋದದ್ದೇ ಎಲ್ಲಕ್ಕೂ ಮೂಲ. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ಬಿರಡೆ. ದೋಣಿ ದಂಡೆಯ ಮೇಲಿದ್ದಾಗ ಒಳಗಿನ ನೀರು ಬಸಿದುಹೋಗಲಿ ಎಂದು ಹಿಂಭಾಗದಲ್ಲಿ, ತಳಕ್ಕೆ ತಾಗಿ ಒಂದು ತೂತು ಬಿಟ್ಟಿರುತ್ತಾರೆ. ನೀರಿಗೆ ಇಳಿಸುವ ಮೊದಲು ಅದಕ್ಕೆ ಬಿರಡೆ ಹಾಕಬೇಕು. ಹಾಕದೆ ಇಳಿಸಿದವರು ನಮ್ಮ ವಿಸ್ಕಾನ್ಸಿನ್ ಕಡೆ ಊರಿಗೆ ಹತ್ತು ಜನ ಇದ್ದಾರೆ. ಒಪ್ಪಿಕೊಂಡವರು ಒಬ್ಬರೂ ಇಲ್ಲ.

ಅಕ್ಟೋಬರ್ ತಿಂಗಳ ಆ ಶನಿವಾರ ಬೆಳಿಗ್ಗೆ ಆರ್ಲೆನ್ ಟಾಲೆಫ್ಸನ್ ಗರಾಜಿನಲ್ಲಿ ಮೊಣಕಾಲೂರಿ ಆ ಬಿರಡೆಗಾಗಿ ತಡಕಾಡುತ್ತಿದ್ದ. ದೋಣಿ ಅವನ ಅಣ್ಣ ನಾರ್ಬರ್ಟನದು. ಅರವತ್ತು ವರ್ಷ ಹಳೆಯ ಫೈಬರ್‌ಗ್ಲಾಸ್ ಮೋಟಾರು ದೋಣಿ. ಆ ಕಾಲದ ಕಾರುಗಳಿಗಿದ್ದಂತೆ ಹಿಂದೆ ಎರಡು ರೆಕ್ಕೆ, ಮೇಲೆ ಕೆನೆ ಬಣ್ಣ, ಕೆಳಗೆ ಸಮುದ್ರದ ಹಸಿರು. "ಬರೋ ಬೇಸಿಗೇಲಿ ಇಬ್ಬರೂ ಕೂತು ಸರಿಮಾಡೋಣ ಕಣೋ" ಎಂದು ಅಣ್ಣ ಹೇಳುತ್ತಲೇ ಇದ್ದ. ತಮ್ಮ ಹೂಂಗುಟ್ಟುತ್ತಲೇ ಇದ್ದ. ಹಾಗೇ ಇಬ್ಬರೂ ಮುದುಕರಾದರು, ಕಳೆದ ಚಳಿಗಾಲದಲ್ಲಿ ಅಣ್ಣ ತೀರಿಹೋದ.

ದೋಣಿ ತಮ್ಮನ ಪಾಲಿಗೆ ಬಂತು. ಜೊತೆಗೆ ಅಣ್ಣನ ಕೊನೆಯ ಆಸೆಯೂ ಬಂತು. ತನ್ನ ಬೂದಿಯನ್ನು ಇದೇ ದೋಣಿಯಲ್ಲಿ ಒಯ್ದು ಕೆರೆಯ ನಡುವೆ ಬಿಡಬೇಕು. ಹೂಜಿ ಗೀಜಿ ಬೇಡ, ಹುಳದ ಡಬ್ಬ ಸಾಕು.

ಹುಳದ ಡಬ್ಬ ಎಂದರೆ ನಾರ್ಬರ್ಟ್ ಮೀನಿನ ಗಾಳಕ್ಕೆ ಎರೆಹುಳು ತುಂಬಿಕೊಂಡು ಹೋಗುತ್ತಿದ್ದ ಕೆಂಪು ಕಾಫಿ ಡಬ್ಬ. ಒಮ್ಮೆ ಅದರಲ್ಲೇ ಒಂದು ದೊಡ್ಡ ಮೀನಿನ ತಲೆಗೆ ಬಾರಿಸಿದ್ದರಿಂದ ಪಕ್ಕದಲ್ಲಿ ಆಳವಾದ ನೆಗ್ಗು ಬಿದ್ದಿತ್ತು. ಆರ್ಲೆನ್‌ನ ಹೆಂಡತಿ ಮಾರ್ಲಿಸ್ ಅದನ್ನು ಮನೆಯೊಳಗೆ ಸೇರಿಸಲಿಲ್ಲ.

"ಬದುಕಿದ್ದಾಗ ಕೆಸರು ಬೂಟು ಹಾಕ್ಕೊಂಡು ಬರ್ತಿದ್ದ. ಈಗ ಹುಳದ ಡಬ್ಬದಲ್ಲಿ ಬರ್ತಾನಾ?"

ಹಾಗಾಗಿ ಆರ್ಲೆನ್ ಮುಚ್ಚಳದ ಮೇಲೆ ಅಂಟುಪಟ್ಟಿ ಹಚ್ಚಿ, 'ನಾರ್ಬರ್ಟ್' ಎಂದು ಬರೆದು, ಡಬ್ಬವನ್ನು ಗರಾಜಿನ ಶೆಲ್ಫಿನಲ್ಲಿಟ್ಟ. ಅಲ್ಲಿ ಮೊಳೆ, ಸ್ಕ್ರೂ, ಬೋಲ್ಟು ಎಲ್ಲವೂ ಇದ್ದದ್ದು ಕೆಂಪು ಕಾಫಿ ಡಬ್ಬಗಳಲ್ಲೇ. ಕಾಫಿ ಡಬ್ಬ ಎಸೆಯುವುದು ನಮ್ಮಲ್ಲಿ ಪಾಪಕ್ಕೆ ಸಮ.

ಬೇಸಿಗೆಯಿಡೀ ಅವನು ದೋಣಿಯನ್ನು ಉಜ್ಜಿದ, ತೂತು ಮುಚ್ಚಿದ, ಬಣ್ಣ ಬಳಿದ. ಫೈಬರ್‌ಗ್ಲಾಸಿನ ಧೂಳು ಮೈಗೆ ಹತ್ತಿ ರಾತ್ರಿಯೆಲ್ಲ ತುರಿಸಿಕೊಂಡ. ಕೆಲಸ ಮಾಡುತ್ತಾ ಶೆಲ್ಫಿನ ಕಡೆ ತಿರುಗಿ "ಈ ಬಣ್ಣ ಸರಿಹೋಯ್ತೇನೋ?" ಎಂದು ಕೇಳುತ್ತಿದ್ದುದೂ ಉಂಟು. ಅಣ್ಣ ಇದ್ದಾಗ ಅವನ ಒಂದು ಮಾತನ್ನೂ ತಾನು ನಡೆಸಿಕೊಡಲಿಲ್ಲ ಎಂಬ ಸಂಕಟ ಅವನಿಗಿತ್ತು. ಇದೊಂದಾದರೂ ನೆಟ್ಟಗೆ ಆಗಲಿ ಎಂಬುದೇ ಅವನ ಆಸೆ.

ಆ ದಿನ ತಪ್ಪಿದರೆ ಇನ್ನು ಮುಂದಿನ ವರ್ಷವೇ. ಭಾನುವಾರ ಊರಿನವರು ಕೆರೆಯ ಹಲಗೆಯ ದೋಣಿಗಟ್ಟೆಯನ್ನು ಕಿತ್ತು ಮೇಲೆ ಹಾಕುವವರಿದ್ದರು. ಆಮೇಲೆ ಕೆರೆ ಹೆಪ್ಪುಗಟ್ಟುತ್ತದೆ.

ಮಾರ್ಲಿಸ್ ಕಾಫಿ ತಂದಳು. "ಮಾತು ನೆನಪಿದೆ ತಾನೆ? ಇವತ್ತು ಸಾಯಂಕಾಲ ನಾರ್ಬರ್ಟ್ ಕೆರೆಗೆ, ದೋಣಿ ಆ ಹಲ್ಲಿನ ಡಾಕ್ಟರಿಗೆ, ನನ್ನ ಕಾರು ಗರಾಜಿಗೆ. ಇನ್ನೊಂದು ಚಳಿಗಾಲ ನಾನು ಗಾಜಿನ ಮೇಲಿನ ಐಸು ಕೆರೆಯೋಳಲ್ಲ."

"ನೆನಪಿದೆ ಕಣೇ. ಬಿರಡೆ ಕಂಡ್ಯಾ?"

"ನಾನ್ಯಾಕೆ ಕಾಣಲಿ?"

ಅಷ್ಟರಲ್ಲಿ ಪಕ್ಕದ ಮನೆಯ ಕ್ಲೆಟಸ್ ಒಳಗೆ ಬಂದ. ಅವನು ಚೀಸ್ ಕಾರ್ಖಾನೆಯಿಂದ ನಿವೃತ್ತನಾದವನು. ಕಾರ್ಖಾನೆಯವರಿಗೆ ಹೇಳುತ್ತಿದ್ದ ಬುದ್ಧಿಯನ್ನೆಲ್ಲ ಈಗ ನೆರೆಮನೆಯವರಿಗೆ ಹೇಳುತ್ತಿದ್ದ.

"ಏನಪ್ಪಾ, ಬಿರಡೆ ಹುಡುಕ್ತಿದ್ದೀಯೋ, ದೇವರ ಹತ್ರ ಕ್ಷಮೆ ಕೇಳ್ತಿದ್ದೀಯೋ?" ಎನ್ನುತ್ತಾ ಅವನು ದೋಣಿಯ ಹಿಂಭಾಗದ ದಪ್ಪ ಹಲಗೆಗೆ, ಅಂದರೆ ಎಂಜಿನ್ ತೂಗುಹಾಕುವ ಜಾಗಕ್ಕೆ, ಬೆರಳಿನಿಂದ ತಟ್ಟಿದ. "ಆರ್ಲೆನ್, ಇದು ಟೊಳ್ಳು."

"ಗಟ್ಟಿ ಇದೆ, ಬಿಡು."

"ಕಿವಿ ಇದ್ರೆ ಕೇಳು." ಕ್ಲೆಟಸ್ ಸುತ್ತಿಗೆ ತೆಗೆದುಕೊಂಡು ಒಂದೇ ಒಂದು ಏಟು ಹಾಕಿದ. ಫೈಬರ್‌ಗ್ಲಾಸ್ ಪಟ್ಟೆಂದು ಒಡೆಯಿತು. ಒಳಗಿನ ಮರ ಯಾವ ಕಾಲದಲ್ಲೋ ಕೊಳೆತಿದ್ದದ್ದು, ಕಾಫಿಯ ಗಸಿಯ ಹಾಗೆ ಸುರಿಯತೊಡಗಿತು. ಸುರಿದು ಸುರಿದು, ಹಿಂಭಾಗದ ಉದ್ದಕ್ಕೂ ಖಾಲಿ ಪೊಟರೆ ಉಳಿಯಿತು.

"ನೋಡಿದ್ಯಾ? ನಾನಿದ್ದದ್ದಕ್ಕೆ ಬಚಾವಾದೆ" ಎಂದ ಕ್ಲೆಟಸ್.

ಆರ್ಲೆನ್ ಬಕೆಟ್ಟಿನ ಮೇಲೆ ಕುಸಿದು ಕೂತ. ಮಾರ್ಲಿಸ್ ಕಾಫಿ ಲೋಟ ಹಿಡಿದು ಮಾತಿಲ್ಲದೆ ಒಳಗೆ ಹೋದಳು. ಅವಳು ಮಾತಾಡದಿದ್ದರೆ ಕಷ್ಟ ಜಾಸ್ತಿ ಎಂದು ಇಬ್ಬರಿಗೂ ಗೊತ್ತಿತ್ತು.

"ಮುಖ ಬಾಡಿಸ್ಕೋಬೇಡ ಮಾರಾಯ. ರೆಸಿನ್ ಅಂಟಿಗೆ ಪುಡಿ ಕಲಸಿ ಲಪ್ಪ ಮಾಡಿ ಒಳಗೆ ಹೊಯ್ದರೆ ಮರಕ್ಕಿಂತ ಗಟ್ಟಿ. ನೀನು ಪೇಟೆಗೆ ಹೋಗಿ ಬಿರಡೆ ತಗೊಂಡ್ಬಾ, ಇಲ್ಲೀದು ನಾನು ನೋಡ್ಕೋತೀನಿ. ಪುಡಿ ಎಲ್ಲಿ?"

"ಶೆಲ್ಫ್ ಮೇಲೆ, ಕೆಂಪು ಡಬ್ಬದಲ್ಲಿ. ಚೀಲ ಹರಿದಿತ್ತು ಅಂತ ಅದಕ್ಕೆ ಸುರಿದಿಟ್ಟಿದ್ದೀನಿ. ಹುಷಾರು, ಟೊಳ್ಳು ಗಾಜಿನ ಮಣಿಗಳ ಪುಡಿ ಅದು. ಸೀನಿದ್ರೆ ಹೊಗೆ ಥರ ಎದ್ದುಬಿಡತ್ತೆ."

ಪೇಟೆಯಲ್ಲಿ ಅಂಗಡಿಯವನು ಬಿರಡೆ ಕೊಡುವ ಮುಂಚೆ, ಯಾವ್ಯಾವ ವರ್ಷ ಯಾರ್ಯಾರು ಬಿರಡೆ ಮರೆತು ಮುಳುಗಿದರು ಎಂಬ ಪುರಾಣವನ್ನೆಲ್ಲ ಹೇಳಿದ. ಆರ್ಲೆನ್ ವಾಪಸು ಬರುವ ಹೊತ್ತಿಗೆ ಊಟದ ಸಮಯ ದಾಟಿತ್ತು. ಕ್ಲೆಟಸ್ ಕೆಲಸ ಮುಗಿಸಿ ದೋಣಿಗೆ ಒರಗಿ ನಿಂತಿದ್ದ. ಹಿಂಭಾಗ ತುಂಬಿ, ಒಣಗಿ, ನುಣ್ಣಗಾಗಿತ್ತು.

"ಎಂಥ ಪುಡಿ ತಂದಿದ್ದೀಯಪ್ಪಾ! ಕಲ್ಲು ಕಲ್ಲು. ಉಜ್ಜೋಕೆ ಹೋದ್ರೆ ಮೂರು ಹಾಳೆ ಸ್ಯಾಂಡ್‌ಪೇಪರ್ ತಿಂದುಬಿಡ್ತು. ಒಂದು ಚಿಟಿಕೆ ಉಳಿಸದೆ ಅಷ್ಟನ್ನೂ ಹಾಕಿದ್ದೀನಿ. ಖಾಲಿ ಡಬ್ಬ ದೋಣೀಲೇ ಇದೆ, ನೀರು ಗೀರು ಬಂದ್ರೆ ಮೊಗೆಯೋಕೆ ಬೇಕಾಗತ್ತೆ."

ಆರ್ಲೆನ್ ಗುದ್ದಿ ನೋಡಿದ. ಬಂಡೆಯಂತಿತ್ತು. "ಪರವಾಗಿಲ್ಲ" ಎಂದ. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕ್ಲೆಟಸ್ ಕಿವಿ ಕೆಂಪಾಯಿತು.

ಎಂಜಿನ್ ತೂಗುಹಾಕಿ, ಬಿರಡೆ ತಿರುಗಿಸಿ ಬಿಗಿಮಾಡಿ, ಕೆರೆಗೆ ಹೊರಟರು. ಮಾರ್ಲಿಸ್ ಶೆಲ್ಫಿನಿಂದ ನಾರ್ಬರ್ಟ್ ಹೆಸರಿದ್ದ ಡಬ್ಬವನ್ನು ಕರವಸ್ತ್ರದಲ್ಲಿ ಹಿಡಿದು ತೆಗೆದಳು. ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು.

ದೋಣಿಗಟ್ಟೆಯಲ್ಲಿ ಅರ್ಧ ಊರೇ ನೆರೆದಿತ್ತು. ಹ್ಯಾಮ್ ತುಂಬಿದ ಬನ್ನುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಪಾದ್ರಿ ಸೋಲ್ವೆಗಮ್ಮ ಕಪ್ಪು ನಿಲುವಂಗಿಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ತೊಟ್ಟಿದ್ದರು. ಎದುರಾದವರೆಲ್ಲ "ದೇವರು ಸಮಾಧಾನ ಕೊಡಲಿ ಆರ್ಲೆನ್" ಎಂದು ಕೈಕುಲುಕಿ, ಅದೇ ಉಸಿರಿನಲ್ಲಿ "ಬಿರಡೆ ಹಾಕಿದ್ಯಾ?" ಎಂದು ಕೇಳಿದರು. ದೋಣಿ ಕೊಳ್ಳಲು ಬಂದಿದ್ದ ಹಲ್ಲಿನ ಡಾಕ್ಟರು ವೆಂಡೆಲ್ ಕೂಡ ಅದನ್ನೇ ಕೇಳಿದಾಗ ಆರ್ಲೆನ್‌ಗೆ ರೇಗಿಹೋಯಿತು. ಇನ್ನೂ ಗಾಡಿಯ ಮೇಲಿದ್ದ ದೋಣಿಯ ಹಿಂದೆ ಸರಸರ ಹೋಗಿ, ಬಿರಡೆ ಬಿಚ್ಚಿ ತಂದು ಡಾಕ್ಟರ ಮೂಗಿನ ಮುಂದೆ ಹಿಡಿದ.

"ಇದೋ ನೋಡಿ ಸ್ವಾಮಿ! ಹೊಚ್ಚ ಹೊಸದು!"

ಅದೇ ಗಳಿಗೆಗೆ ಸೋಲ್ವೆಗಮ್ಮ "ಪ್ರಾರ್ಥಿಸೋಣ" ಎಂದರು. ಎಲ್ಲರೂ ಟೋಪಿ ತೆಗೆದರು. ಆರ್ಲೆನ್ ಬಿರಡೆಯನ್ನು ಟೋಪಿಯ ಜೊತೆ ಎದೆಗೊತ್ತಿಕೊಂಡು ಭಕ್ತಿಯಿಂದ ತಲೆ ತಗ್ಗಿಸಿದ. ಆಮೆನ್ ಅಂದ ಮೇಲೆ ಟೋಪಿಯನ್ನು ತಲೆಗೆ ಹಾಕಿಕೊಂಡ. ಬಿರಡೆಯನ್ನು ಜೇಬಿಗೆ ಹಾಕಿಕೊಂಡ.

ದೋಣಿಯನ್ನು ನೀರಿಗಿಳಿಸಿ ಆರ್ಲೆನ್, ಮಾರ್ಲಿಸ್, ಸೋಲ್ವೆಗಮ್ಮ, ಕ್ಲೆಟಸ್ ನಾಲ್ವರೂ ಹತ್ತಿದರು. ದೋಣಿ ಹೊರಟಿತು. ಬಿಸಿಲು ಇಳಿಯುತ್ತಿತ್ತು, ದಂಡೆಯ ಮರಗಳು ಹಳದಿಯಾಗಿದ್ದವು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಅಣ್ಣ ಇದ್ದಿದ್ದರೆ ಎಷ್ಟು ಕುಣಿಯುತ್ತಿದ್ದ ಎಂದು ಆರ್ಲೆನ್ ನೆನೆದ. ಪಕ್ಕದಲ್ಲಿ ಮಾರ್ಲಿಸ್ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಎಷ್ಟು ಹಗುರ ಇದ್ದಾನೆ" ಎಂದಳು ಮೆಲ್ಲಗೆ. "ಅಂಥ ಆಳು. ನಮ್ಮ ಸೋಫಾ ಮುರಿದವನು."

"ಕೊನೆಗೆ ನಾವೆಲ್ಲ ಇಷ್ಟೇ ಭಾರ, ಮಾರ್ಲಿಸ್" ಎಂದರು ಸೋಲ್ವೆಗಮ್ಮ. ಹಿಂದೆ ಕೂತಿದ್ದ ಕ್ಲೆಟಸ್ ಮೂಗೊರೆಸಿಕೊಂಡ. ಆಮೇಲೆ, "ಆರ್ಲೆನ್, ನನ್ನ ಕಾಲು ಒದ್ದೆ" ಎಂದ.

ಕೆಳಗೆ ನೋಡಿದರೆ ಹಿಮದಷ್ಟು ತಣ್ಣನೆಯ ನೀರು ಪಾದ್ರಿಯಮ್ಮನ ಬೂಟು ಮುಳುಗಿಸುತ್ತಿತ್ತು.

"ಬಿರಡೆ!" ಎಂದು ಮೂವರೂ ಒಟ್ಟಿಗೆ ಕೂಗಿದರು. ಆರ್ಲೆನ್ ಎಂಜಿನ್ನಿನ ವೇಗ ತಗ್ಗಿಸಿ, ಬೋರಲಾಗಿ ಬಿದ್ದು, ಭುಜದವರೆಗೆ ಕೈ ಮುಳುಗಿಸಿ, ತೂತು ತಡವಿ ಒಳಗಿನಿಂದಲೇ ಬಿರಡೆ ತುರುಕಿದ. ಬಳಿಕ ಸೀಟಿನ ಕೆಳಗೆ ತೇಲುತ್ತಿದ್ದ ಖಾಲಿ ಡಬ್ಬ ಸಿಕ್ಕಿತು. ಅದರಲ್ಲಿ ನೀರು ಮೊಗೆದು ಚೆಲ್ಲಿದ, ಚೆಲ್ಲಿದ, ಬೆನ್ನು ಬಿದ್ದುಹೋಗುವಷ್ಟು ಚೆಲ್ಲಿದ. ದಂಡೆಯಲ್ಲಿದ್ದವರು ಅದೂ ಶಾಸ್ತ್ರದ ಒಂದು ಭಾಗವೆಂದು ತಿಳಿದು ತಲೆ ತಗ್ಗಿಸಿ ನಿಂತಿದ್ದರು.

ಕೊನೆಗೆ ನಾಲ್ವರೂ ಎದ್ದು ನಿಂತರು. ಸೋಲ್ವೆಗಮ್ಮ ಮಣ್ಣು ಮಣ್ಣಿಗೆ, ಬೂದಿ ಬೂದಿಗೆ ಎಂದು ಓದಿದರು. ಮಾರ್ಲಿಸ್ ಮುಚ್ಚಳ ತೆಗೆದು ಡಬ್ಬವನ್ನು ನೀರಿನ ಕಡೆ ಬಾಗಿಸಿದಳು.

ಬೂದಿ ಕೆಳಗೆ ಬೀಳಲಿಲ್ಲ. ಬೆಳ್ಳಗೆ ಹೊಗೆಯಂತೆ ಮೇಲೆದ್ದು, ಗಾಳಿಯಲ್ಲಿ ಒಮ್ಮೆ ಹೊರಳಿ, ತಿರುಗಿ ದೋಣಿಗೇ ಬಂತು. ಪಾದ್ರಿಯಮ್ಮನ ಕಪ್ಪು ಅಂಗಿ ಬೆಳ್ಳಗಾಯಿತು. "ಹೋಗಿ ಬಾ ನಾರ್ಬರ್ಟ್" ಎಂದು ಸೆಲ್ಯೂಟ್ ಹೊಡೆದ ಕ್ಲೆಟಸ್ ಸೀನತೊಡಗಿದ. ನೀರಿಗೆ ಬಿದ್ದಷ್ಟು ಪುಡಿ ಮುಳುಗಲಿಲ್ಲ, ಹಿಟ್ಟು ಚೆಲ್ಲಿದಂತೆ ತೇಲುತ್ತಾ ಹೋಯಿತು.

"ಆರ್ಲೆನ್, ಇವನು ಮುಳುಗ್ತಾ ಇಲ್ಲ" ಎಂದಳು ಮಾರ್ಲಿಸ್.

ಆರ್ಲೆನ್ ತೇಲುತ್ತಿದ್ದ ಪುಡಿಯನ್ನೇ ನೋಡಿದ. ವಸಂತದಲ್ಲಿ ಅಣ್ಣನನ್ನು ಮನೆಗೆ ಹೊತ್ತು ತಂದವನು ಅವನೇ. ಅಂದು ಸುಟ್ಟ ಮೂಳೆಯ ಪುಡಿಯಿದ್ದ ಡಬ್ಬ ಮರಳು ತುಂಬಿದ ಹಾಗೆ ಭಾರವಿತ್ತು, ನಡೆದರೆ ಒಳಗೆ ಕರಕರ ಎನ್ನುತ್ತಿತ್ತು. ಅವನು ನಿಧಾನವಾಗಿ ತನ್ನ ಕೈಯಲ್ಲಿದ್ದ, ನೀರು ಮೊಗೆದ ಡಬ್ಬವನ್ನು ತಿರುಗಿಸಿ ನೋಡಿದ. ಪಕ್ಕದಲ್ಲಿ ಆಳವಾದ ನೆಗ್ಗು. ಮೀನಿನ ತಲೆಗೆ ಬಾರಿಸಿದ ನೆಗ್ಗು.

"ಕ್ಲೆಟಸ್, ಪುಡಿ ತಗೊಂಡಿದ್ದು ಈ ಡಬ್ಬದಿಂದಾನಾ?"

"ಹೂಂ. ಎರಡು ಡಬ್ಬದಲ್ಲಿ ಪುಡಿ ಇತ್ತು. ಇದು ಭಾರವಾಗಿತ್ತು, ಒಳ್ಳೇ ಮಾಲು ಅಂತ ಇದನ್ನೇ ಹಾಕ್ದೆ."

"ಮುಚ್ಚಳದ ಮೇಲೆ ಹೆಸರಿತ್ತಲ್ಲ!"

"ಎರಡೂ ಮುಚ್ಚಳ ಬಿಚ್ಚಿಟ್ಟಿದ್ದೆ. ಆಮೇಲೆ ಕೈಗೆ ಸಿಕ್ಕಿದ್ದನ್ನ ಉಳಿದಿದ್ದ ಡಬ್ಬಕ್ಕೆ ಮುಚ್ಚಿದೆ. ಕನ್ನಡಕ ಮನೇಲಿತ್ತು. ಯಾಕೆ, ಏನಾಯ್ತು?" ಎಂದ.

ನಾಲ್ವರೂ ದೋಣಿಯ ಹಿಂಭಾಗದ ಕಡೆ ತಿರುಗಿದರು. ಬಂಡೆಯಷ್ಟು ಗಟ್ಟಿಯಾಗಿ, ಮೂರು ಹಾಳೆ ಸ್ಯಾಂಡ್‌ಪೇಪರ್ ತಿಂದು ನುಣ್ಣಗಾಗಿ, ಎಂಜಿನ್ನಿನ ಭಾರವನ್ನೆಲ್ಲ ಹೊತ್ತು ನಾರ್ಬರ್ಟ್ ಅಲ್ಲಿದ್ದ. ಎಂಜಿನ್ ಗೊರಗೊರ ಎನ್ನುತ್ತಿತ್ತು. ಅವನು ನಿದ್ದೆಯಲ್ಲಿ ಹಾಗೇ ಗೊರಕೆ ಹೊಡೆಯುತ್ತಿದ್ದ. ಕ್ಲೆಟಸ್ ಟೋಪಿ ತೆಗೆದ. ಸೋಲ್ವೆಗಮ್ಮ ಪುಸ್ತಕದ ಹಾಳೆಗಳನ್ನು ಮಗುಚಿ ನೋಡಿದರು. ಇದಕ್ಕೆ ತಕ್ಕ ಪ್ರಾರ್ಥನೆ ಅದರಲ್ಲಿರಲಿಲ್ಲ.

ದಂಡೆಗೆ ಬಂದಾಗ ವೆಂಡೆಲ್ ಡಾಕ್ಟರು ದೋಣಿ ಎಳೆದೊಯ್ಯುವ ಗಾಡಿಯನ್ನು ನೀರಿನವರೆಗೆ ತಂದು ಕಾಯುತ್ತಿದ್ದರು. "ಎಂಥಾ ಚೆಂದದ ದೋಣಿ! ಕಟ್ಟೋಣವಾ?"

"ಕೊಡೋಕಾಗಲ್ಲ" ಎಂದ ಆರ್ಲೆನ್.

"ಯಾಕೆ? ಮಾತಾಗಿತ್ತಲ್ಲ?"

ಆರ್ಲೆನ್ ಹೆಂಡತಿಯ ಮುಖ ನೋಡಿದ. ಅವಳ ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ಅವಳು ದೂರದಲ್ಲಿ ನಿಂತಿದ್ದ ತನ್ನ ಕಾರನ್ನು ಒಮ್ಮೆ ನೋಡಿದಳು. ಬಳಿಕ ಡಾಕ್ಟರ ಕಡೆ ತಿರುಗಿದಳು.

"ನಮ್ಮ ಮನೆಯವರು ಒಬ್ಬರು ಇನ್ನೂ ಇಳಿದಿಲ್ಲ" ಎಂದಳು.

ಡಾಕ್ಟರು ಖಾಲಿ ದೋಣಿಯೊಳಗೆ ಎರಡು ಸಲ ಬಗ್ಗಿ ನೋಡಿದರು.

ಆ ವರ್ಷ ಹಿಮ ಬೇಗ ಬಿತ್ತು. ಗರಾಜಿನಲ್ಲಿ ದೋಣಿ ಬೆಚ್ಚಗಿತ್ತು. ಅದರ ಹಿಂಭಾಗಕ್ಕೆ ಯಾರೋ ಹಳೆಯ ಕೌದಿ ಹೊದಿಸಿದ್ದರು; ಯಾರೆಂದು ಆರ್ಲೆನ್ ಕೇಳಲಿಲ್ಲ, ಮಾರ್ಲಿಸ್ ಹೇಳಲಿಲ್ಲ. ಅವಳು ಮಾತ್ರ ದಿನಾ ಬೆಳಿಗ್ಗೆ ಹೊರಗೆ ನಿಂತು ಕಾರಿನ ಗಾಜಿನ ಐಸನ್ನು ಕೆರಕೆರ ಕೆರೆಯುತ್ತಿದ್ದಳು. ಬರುವ ಚಳಿಗಾಲಕ್ಕೆ ಹಿತ್ತಿಲಲ್ಲಿ ದೋಣಿಗೆಂದೇ ಒಂದು ಶೆಡ್ ಹಾಕಿ ಗರಾಜು ಖಾಲಿ ಮಾಡಿಕೊಡುತ್ತೇನೆಂದು ಆರ್ಲೆನ್ ಅವಳಿಗೆ ಮಾತು ಕೊಟ್ಟಿದ್ದ. ಒಂದು ದೋಣಿ, ಒಬ್ಬ ಅಣ್ಣ, ಅಷ್ಟಕ್ಕೆ ಸಣ್ಣ ಶೆಡ್ ಸಾಕು ಎಂದು ಲೆಕ್ಕ ಹಾಕುತ್ತಾ ಕೂತಿದ್ದಾಗ ಕ್ಲೆಟಸ್ ಬಂದ. ಈ ಸಲ ಕನ್ನಡಕ ಹಾಕಿದ್ದ. ದೋಣಿಯ ಮೂತಿಗೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟ.

"ಆರ್ಲೆನ್, ಇಲ್ಲೂ ಟೊಳ್ಳು."

"ಸುತ್ತಿಗೆ ಮುಟ್ಟಿದ್ರೆ ನೋಡು!"

"ಮುಟ್ಟಲ್ಲ ಮಾರಾಯ. ನನಗೇನೂ ಅವಸರ ಇಲ್ಲ. ಈ ಜಾಗ ನನಗಿರಲಿ ಅಂತ ಹೇಳಿಹೋಗೋಕೆ ಬಂದೆ." ಕ್ಲೆಟಸ್ ಕೋಟಿನೊಳಗಿಂದ ಒಂದು ಖಾಲಿ ಕೆಂಪು ಕಾಫಿ ಡಬ್ಬ ತೆಗೆದು, ಶೆಲ್ಫಿನಲ್ಲಿ ಮೊಳೆಯ ಡಬ್ಬದ ಪಕ್ಕಕ್ಕಿಟ್ಟ. "ಈ ಸಲ ಮುಚ್ಚಳದ ಮೇಲಷ್ಟೇ ಅಲ್ಲ, ಡಬ್ಬದ ಮೇಲೂ ಹೆಸರು ಬರೆದಿದ್ದೀನಿ."

ಹೊರಗೆ ಐಸು ಕೆರೆಯುವ ಸದ್ದು ನಿಂತಿತು. ಮಾರ್ಲಿಸ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳು ಶೆಲ್ಫಿನ ಕಡೆ ನೋಡಿದಳು, ದೋಣಿಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಆಮೇಲೆ ಹೋಗಿ ಮತ್ತೆ ಕೆರೆಯತೊಡಗಿದಳು.