ಲಾಟನ ಹೆಂಡತಿ ಮತ್ತು ನಮ್ಮ ಗ್ಯಾಸ್ ಸಿಲಿಂಡರ್

ಆ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಫ್ರಿಜ್ಜಿನಲ್ಲಿದ್ದ ಆರು ಟೊಮೆಟೊಗಳ ಭವಿಷ್ಯವನ್ನು ಯೋಚಿಸುತ್ತಾ ಕಾಫಿ ಕುಡಿದೆ. ಈದ್ ರಜೆಗೆಂದು ನಾಲ್ಕು ದಿನ ಜೋರ್ಡಾನಿಗೆ ಹೊರಟಿದ್ದೆವು. ಬರುವಷ್ಟರಲ್ಲಿ ಅವು ಕೊಳೆಯುವುದು ಖಂಡಿತ. ಹಾಗಾಗಿ ಸೂಟ್‌ಕೇಸುಗಳು ಬಾಗಿಲಲ್ಲಿ ನಿಂತಿರುವಾಗ ನಾನು ಒಲೆಯ ಮುಂದೆ ನಿಂತು ಸಾರು ಮಾಡಿದೆ. ನಾನು ಅನುಮಾನದ ಪ್ರಾಣಿ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಎರಡು ಸಲ, ಸಾರಿಗೆ ಉಪ್ಪು ಎರಡು ಸಲ, ಬಚ್ಚಲಿನ ನಲ್ಲಿ ಎರಡು ಸಲ, ಹೀಗೆ ಎಲ್ಲವನ್ನೂ ಎರಡೆರಡು ಸಲ ಮುಗಿಸಿ, ಸಾರಿನ ಪಾತ್ರೆಯನ್ನು ಎದುರು ಫ್ಲ್ಯಾಟಿನ ವಾರಿಜಕ್ಕನಿಗೆ ಕೊಟ್ಟು ಬಂದೆ. "ಬೀಗ ನಾನು ಹಾಕ್ತೀನಿ, ನೀನು ಲಿಫ್ಟ್ ಹಿಡ್ಕೊ" ಎಂದರು ನಮ್ಮವರು.

ಏರ್‌ಪೋರ್ಟಿಗೆ ಹೊರಟ ಟ್ಯಾಕ್ಸಿ ಅಲ್ ಸದ್ದ್ ಬಡಾವಣೆಯ ಸಿಗ್ನಲ್ ದಾಟುವಾಗ ನೆನಪಾಯಿತು. ಸಿಲಿಂಡರನ್ನು ಒಂದೇ ಸಲ ನೋಡಿದ್ದೆ. ಅಥವಾ ನೋಡಿಯೇ ಇರಲಿಲ್ಲ.

"ರೀ, ಗ್ಯಾಸು..."

"ಹೊರಟ ಮೇಲೆ ಹಿಂದೆ ನೋಡಬಾರದು" ಎಂದು ನನಗೂ, "ಯಲ್ಲಾ, ನಡಿ" ಎಂದು ಡ್ರೈವರಿಗೂ ಹೇಳಿದರು. ನಮ್ಮವರು ಎಂಜಿನಿಯರ್. ರಾಹುಕಾಲವನ್ನು ನಂಬುವವರಲ್ಲ. ಇದೊಂದನ್ನು ಮಾತ್ರ ಅವರಮ್ಮನಿಂದ ಹಾಗೇ ಉಳಿಸಿಕೊಂಡಿದ್ದಾರೆ.

ಮಧ್ಯಾಹ್ನ ಜೋರ್ಡಾನಿನ ನೆಬೋ ಬೆಟ್ಟದ ಮೇಲಿದ್ದೆವು. ಮೋಶೆಗೆ ದೇವರು ತಾನು ಮಾತುಕೊಟ್ಟಿದ್ದ ಮುಂದಿನ ನಾಡನ್ನೆಲ್ಲ ಇಲ್ಲಿಂದಲೇ ತೋರಿಸಿ, ನಿನಗೆ ಅಲ್ಲಿಗೆ ಪ್ರವೇಶವಿಲ್ಲ ಎಂದನಂತೆ. ಕಾನ್ವೆಂಟಿನಲ್ಲಿ ಈ ಕಥೆ ಕೇಳಿ ಅತ್ತಿದ್ದೆ. ಈಗ ಅಳು ಬರಲಿಲ್ಲ. ಆತನಿಗಾದರೂ ಮುಂದೇನಿದೆ ಎಂದು ಕಾಣಿಸಿತ್ತು. ನನಗೆ ಹಿಂದೆ ಮನೆ ಇದೆಯೋ ಇಲ್ಲವೋ ಅದೇ ತಿಳಿದಿರಲಿಲ್ಲ. ಅಲ್ಲಿಂದ ಮೃತ ಸಮುದ್ರ. ನಮ್ಮವರು ನೀರಿನ ಮೇಲೆ ಅಂಗಾತ ಮಲಗಿ ತೇಲಿದರು. ಮನೆಯಲ್ಲಿ ಗ್ಯಾಸ್ ಸೋರುತ್ತಿರುವ ಮನುಷ್ಯನಂತೆ ಒಂದಿಷ್ಟೂ ಕಾಣುತ್ತಿರಲಿಲ್ಲ.

ವಾಪಸು ಬರುವಾಗ ಗೈಡು ಕಾರು ನಿಲ್ಲಿಸಿ, ಗುಡ್ಡದ ಮೇಲೆ ಒಂಟಿಯಾಗಿ ನಿಂತ ಕಲ್ಲುಕಂಬವೊಂದನ್ನು ತೋರಿಸಿದ. ಲಾಟನ ಹೆಂಡತಿ! ಸೊದೋಮ್ ಪಟ್ಟಣ ಸುಟ್ಟುಹೋಗುವಾಗ, ಹಿಂದೆ ನೋಡಬೇಡಿ ಎಂದು ದೇವದೂತರು ಹೇಳಿದರೂ ತಿರುಗಿ ನೋಡಿ ಉಪ್ಪಿನ ಕಂಬವಾದವಳು. ನಾಲ್ಕನೇ ಕ್ಲಾಸಿನಲ್ಲಿ ಈ ಕಥೆ ಕೇಳಿದಾಗ ನಾನು ಎದ್ದು, "ಸಿಸ್ಟರ್, ಒಲೆ ಮೇಲೆ ಹಾಲಿಟ್ಟು ಬಂದಿದ್ದಳೋ ಏನೋ?" ಎಂದು ಕೇಳಿದ್ದೆ. ಸಿಸ್ಟರ್ ನನ್ನನ್ನು ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿದರು. ಅಂದಿನಿಂದ ನನಗೂ ಆಕೆಗೂ ಒಂದು ಬಗೆಯ ಸ್ನೇಹ. ಗ್ರಂಥದಲ್ಲಿ ಆಕೆಯ ಹೆಸರನ್ನೂ ಕೊಟ್ಟಿಲ್ಲ. ಗಂಡ ತಿರುಗಿ ನೋಡಲಿಲ್ಲ ಎಂದು ಮಾತ್ರ ಹೊಗಳುತ್ತಾರೆ. ಅವನೇಕೆ ನೋಡುತ್ತಾನೆ? ಅಡುಗೆಮನೆ ಅವನದಾಗಿತ್ತೇ?

"ಫೋಟೋ ತೆಗೀಲಾ? ಅವಳ ಪಕ್ಕ ನಿಂತ್ಕೋ" ಎಂದರು ನಮ್ಮವರು.

"ನಿಂತೇ ಇದ್ದೀನಿ, ಬೆಳಿಗ್ಗೆಯಿಂದ" ಎಂದೆ.

ಸಂಜೆ ಹೋಟೆಲ್ ತಲುಪಿದ್ದೇ ವಾರಿಜಕ್ಕನಿಗೆ ಫೋನ್ ಮಾಡಿದೆ. ಅವರ ಬಳಿ ನಮ್ಮ ಕೀ ಇಲ್ಲ. "ನಮ್ಮ ಬಾಗಿಲ ಸಂದಿಯಲ್ಲಿ ಒಂಚೂರು ಮೂಸಿ ನೋಡ್ತೀರಾ?" ಎಂದು ಸಂಕೋಚದಿಂದ ಕೇಳಿದೆ.

"ಮೂಸುದೆಂತಕ್ಕೆ ಮಾರಾಯ್ರೆ, ಒಳಗೇ ಹೋಗಿ ಬಂದಾಯ್ತು. ನಿಮ್ಮ ಕೀ ಹೊರಗೆ ಬಾಗಿಲಲ್ಲೇ ನೇತಾಡ್ತಾ ಇತ್ತು. ಗ್ಯಾಸ್ ಆಫೇ ಉಂಟು. ಬೀಗ ಹಾಕಿ ಕೀ ನಾನೇ ಇಟ್ಕೊಂಡಿದ್ದೇನೆ."

ನಾನು ರಿಸೀವರಿಗೆ ಕೈ ಅಡ್ಡ ಹಿಡಿದು, ಒಂದು ಸಲ, ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಏನು ಕಾಣುತ್ತಿತ್ತು ಎಂಬುದನ್ನು ನಮ್ಮವರಿಗೆ ನಿಧಾನವಾಗಿ ವಿವರಿಸಿದೆ. ಅವರು ಕಿಟಕಿಯಾಚೆ ಏನನ್ನೋ ಬಹಳ ಗಮನವಿಟ್ಟು ನೋಡತೊಡಗಿದರು. ಲಾಟನ ಹೆಂಡತಿಯ ಸಾವಿರಾರು ವರ್ಷದ ಕೇಸನ್ನು ನಾನು ಗೆದ್ದುಕೊಟ್ಟ ಹಾಗಿತ್ತು. ಇನ್ನೇನು ಫೋನ್ ಇಡಬೇಕು, ವಾರಿಜಕ್ಕ ಅಂದರು:

"ಹಾಂ, ಮತ್ತೆ ಬೇಜಾರು ಮಾಡ್ಬೇಡಿ. ಸಾರು ಬಾಯಿಗಿಡ್ಲಿಕ್ಕೆ ಆಗ್ಲಿಲ್ಲ. ಬರೀ ಉಪ್ಪು."