ಮಾಮನ ಪಾತಾಳಗರಡಿ

ನಮ್ಮ ಮಾಮನಿಗೆ ತಲೆ ಸರಿಯಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಸತ್ಯನಾರಾಯಣಪೇಟೆಯ ನಮ್ಮ ಓಣಿಯವರು ಹೇಳುತ್ತಿದ್ದರು. ನಾನು ಅಲ್ಲಗಳೆಯುತ್ತಿರಲಿಲ್ಲ, ಅಷ್ಟೆ!

ಮಾಮ ಎಂದರೆ ನಮ್ಮ ಅಕ್ಕನ ಗಂಡ. ನಾನಾಗ ಅವರ ಮನೆಯಲ್ಲೇ ಇದ್ದುಕೊಂಡು ಬಳ್ಳಾರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಸೋಮವಾರದಿಂದ ಶನಿವಾರದವರೆಗೆ ಮಾಮನಷ್ಟು ಸಾಧು ಗುಮಾಸ್ತ ಇನ್ನೊಬ್ಬನಿಲ್ಲ. ಸಾಹೇಬರು ಕೆಮ್ಮಿದರೂ ಎದ್ದು ನಿಲ್ಲುವವರು. ಭಾನುವಾರ ಬೆಳಗಾಯಿತೋ, ಅದೇ ಮನುಷ್ಯ ಹೆಗಲಿಗೆ ಹಗ್ಗದ ಸುರುಳಿ, ಕೈಯಲ್ಲಿ ಗೋಣಿಚೀಲ ಹಿಡಿದು ದಂಡಯಾತ್ರೆಗೆ ಹೊರಡುತ್ತಿದ್ದರು. ಚೀಲದಲ್ಲಿ ಏನಿರುತ್ತಿತ್ತು? ಪಾತಾಳಗರಡಿ! ಬಾವಿಗೆ ಬಿದ್ದ ಕೊಡ, ಬಕೀಟುಗಳನ್ನು ಹುಡುಕಿ ಎತ್ತುವ, ಮೈಯೆಲ್ಲ ಕೊಕ್ಕೆಯಿರುವ ಕಬ್ಬಿಣದ ಗೊಂಚಲು.

"ಇವತ್ತು ಯಾವ ಊರಿಗ್ರಿ?" ಎಂದು ಅಕ್ಕ ಕೇಳಿದರೆ, "ಬಸ್ಸು ಎಲ್ಲಿಗೆ ಹೋಗ್ತೈತೋ ಅಲ್ಲಿಗೆ!" ಎನ್ನುವರು. ಮೊದಲು ಸಿರುಗುಪ್ಪದ ಬಸ್ಸು ಬಂದರೆ ಸಿರುಗುಪ್ಪ, ಕುರುಗೋಡಿನದು ಬಂದರೆ ಕುರುಗೋಡು. ಇಳಿದ ಊರಲ್ಲಿ "ಬಾವ್ಯಾಗ ಏನರ ಬಿದ್ದೈತೇನ್ರಿ?" ಎಂದು ಮನೆಮನೆ ಕೇಳಿಕೊಂಡು ಹೋಗುವುದು. ಯಾವ ಕೇರಿಯ ಬಾವಿ ಎಂದು ನೋಡುತ್ತಿರಲಿಲ್ಲ. ಕೂಲಿ ಬೇಡ, ಊಟ ಬೇಡ. ಮೇಲೆ ಬಂದ ಕೊಡದಿಂದ ಒಂದು ಬೊಗಸೆ ನೀರು ಕುಡಿದರೆ ಮುಗಿಯಿತು.

ಈ ಹುಚ್ಚು ಹಿಡಿದದ್ದು ನಮ್ಮ ಮನೆಯ ಹಿತ್ತಲ ಬಾವಿಯಿಂದ. ಅಕ್ಕ ಗಂಡನ ಮನೆಗೆ ಬರುವಾಗ ನಮ್ಮವ್ವ ತನ್ನ ತಾಮ್ರದ ಕೊಡವನ್ನು ಕೊಟ್ಟು ಕಳಿಸಿದ್ದಳು. ಹೊಸ ಹೆಂಡತಿಗೆ ಜ್ವರವೆಂದು ಮಾಮ ಒಂದು ದಿನ ತಾವೇ ನೀರು ಸೇದಲು ಹೋದರು. ಹಗ್ಗ ಕೈಜಾರಿತು, ಕೊಡ ತಳ ಸೇರಿತು. ಆ ವರ್ಷವೇ ಅವ್ವ ತೀರಿಕೊಂಡಳು. ಅಕ್ಕ ಕೊಡಕ್ಕಾಗಿ ಅತ್ತಳೋ ಅವ್ವನಿಗಾಗಿ ಅತ್ತಳೋ, ಮಾಮ ಮಾತ್ರ ಕಮ್ಮಾರನ ಹತ್ತಿರ ಹೋಗಿ ಪಾತಾಳಗರಡಿ ಮಾಡಿಸಿಕೊಂಡು ಬಂದರು. "ನಿಮ್ಮವ್ವನ ಕೊಡ ನಾನೇ ಎತ್ತಿಕೊಡ್ತೀನಿ" ಎಂದು ಮಾತು ಕೊಟ್ಟರು. ಆದರೆ ಆ ಕೊಡ ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ಪ್ರತಿ ಭಾನುವಾರ ಹೊರಡುವ ಮುಂಚೆ ಮಾಮ ಗರಡಿ ಇಳಿಬಿಡುವರು. ಕೆಳಗೆ "ಟಣ್!" ಎನ್ನುವುದು. "ಐತಿ! ಅಲ್ಲೇ ಐತಿ! ಬರೋ ವಾರ ತೆಗೀತೀನಿ!" ಎಂದು ಕೂಗಿ ಬೇರೆ ಊರಿನ ಬಾವಿಗಳನ್ನು ಉದ್ಧಾರ ಮಾಡಲು ಹೊರಟುಬಿಡುವರು.

ನಮ್ಮ ಕಡೆ ಪಾತಾಳಗರಡಿಯನ್ನು ಸುಮ್ಮನೆ ಕೊಡುವ ಪದ್ಧತಿಯಿಲ್ಲ. ಒಯ್ಯುವವರು ಒಂದು ತಂಬಿಗೆಯನ್ನಾದರೂ ಅಡ ಇಟ್ಟು ಒಯ್ಯಬೇಕು. ಓಣಿಯವರು ಇಡುವುದು ಸರಿ. ನಮ್ಮ ಮಾಮ ತಮ್ಮ ಗರಡಿಯನ್ನು ತಾವೇ ಒಯ್ಯುವಾಗಲೂ ಮನೆಯ ತಂಬಿಗೆಯನ್ನು ಗೂಟಕ್ಕೆ ತೂಗುಹಾಕಿ ಹೋಗುತ್ತಿದ್ದರು! ಅವರು ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅದೋ, ಬೆಳಿಗ್ಗೆ ಬಯಲಿಗೆ ಒಯ್ಯುವ ತಂಬಿಗೆ. ನನ್ನ ಭಾನುವಾರಗಳ ಅವಸ್ಥೆ ಯಾರಿಗೆ ಹೇಳಲಿ?

"ಬ್ಯಾರೆ ತಂಬಿಗಿ ಇಡಬಾರದೇನ್ರಿ?" ಎಂದು ಅಕ್ಕ ಕೇಳಿದ್ದಕ್ಕೆ, "ಬೇಕಾಗಿದ್ದು ಇಟ್ಟರ ಮಾತ್ರ ಅದು ಅಡ. ಪದ್ಧತಿ ಅಂದ್ರ ಪದ್ಧತಿ" ಎಂದುಬಿಟ್ಟರು.

ಒಮ್ಮೆ ನಾನೂ ಜೊತೆಗೆ ಹೋದೆ. ಯುದ್ಧದ ಕಾಲ; ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಓಡುವ ಎಂದೆನೆ? ಅರ್ಧ ದಾರಿ ನಾವೇ ತಳ್ಳಿದೆವು. ಸಿರುಗುಪ್ಪದಲ್ಲಿ ಇಳಿಯುವಷ್ಟರಲ್ಲಿ ಇಬ್ಬರ ಮುಖವೂ ಮಸಿ. ಚಳವಳಿಯವರು ಟೆಲಿಗ್ರಾಫ್ ತಂತಿ ಕತ್ತರಿಸುತ್ತಿದ್ದ ಗದ್ದಲದ ದಿನಗಳು ಬೇರೆ. ಪೊಲೀಸಿನವನೊಬ್ಬ ಅಡ್ಡ ಬಂದು, ಚೀಲದಲ್ಲಿ ಏನಿದೆ ಎಂದು ತೆಲುಗಿನಲ್ಲಿ ಗದರಿಸಿದ.

"ಏಮಯ್ಯಾ, ಏಮುಂದಿ ಸಂಚಿಲೋ?"

ಮಾಮ ಚೀಲ ಬಿಚ್ಚಿ ತೋರಿಸಿದರು. ಅಷ್ಟೊಂದು ಕೊಕ್ಕೆಗಳನ್ನು ಕಂಡು ಅವನು ಹೌಹಾರಿ ಕನ್ನಡಕ್ಕೆ ಬಂದ. "ತಂತಿ ಕೀಳಾಕ ಬಂದೀರೇನು?"

"ಇಲ್ರಿ ಸಾಹೇಬ್ರ, ಕೊಡ ಎತ್ತಾಕ."

ಅವನು ಮೀಸೆ ಇಳಿಬಿಟ್ಟು ಆಚೀಚೆ ನೋಡಿದ. ದನಿ ತಗ್ಗಿಸಿ, "ನಮ್ಮನಿ ಬಾವ್ಯಾಗ ಒಂದು ಬಿಂದಿಗಿ ಬಿದ್ದೈತ್ರಿ. ಮನ್ಯಾಗ ಮೂರು ದಿನದಿಂದ ನನಗ ಅನ್ನ ಹಾಕವಲ್ಲರು" ಎಂದ. ಹೀಗೆ ನಾವು ಪೊಲೀಸಿನವನ ಜೊತೆ ಹಿಂದೊಬ್ಬ ಮುಂದೊಬ್ಬ ಮೆರವಣಿಗೆಯಲ್ಲಿ ಹೋಗುವುದನ್ನು ಕಂಡ ಬಳ್ಳಾರಿಯ ಯಾರೋ ಮಹಾನುಭಾವರು, ಮಾಮನನ್ನು ಪೊಲೀಸರು ಹಿಡಿದರೆಂದು ಅಕ್ಕನಿಗೆ ಸುದ್ದಿ ಮುಟ್ಟಿಸಿದ್ದರು!

ಕುರುಗೋಡಿನ ಕಥೆ ಇದಕ್ಕಿಂತ ಚೆಂದ. ಗುಡ್ಡ ನೋಡಿದ್ದೇ ತಡ, "ಹತ್ತೋಣ ಬಾರಲೇ" ಎಂದರು. ಬಂಡೆಗಳ ಮೇಲೆ ಏದುಸಿರು ಬಿಡುತ್ತಾ ಹತ್ತಿ, ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುವಷ್ಟರಲ್ಲಿ ಕೆಳಗಿನ ಬಾವಿಯ ಹತ್ತಿರ ಹೆಂಗಸರ ಕೂಗಾಟ ಕೇಳಿತು. ಮಾಮ ರೊಟ್ಟಿ ಬಿಟ್ಟು ಓಡಿದರು, ನಾನು ಅವರ ಹಿಂದೆ ಓಡಿದೆ, ಕೋತಿಗಳು ಬುತ್ತಿಯ ಕಡೆ ಓಡಿದವು. ಬಿದ್ದದ್ದು ಒಂದು ಬಕೀಟು. ಮಾಮ ಎತ್ತಿದ್ದು ಅದರ ಜೊತೆಗೆ ನಾಲ್ಕಾರು ಚರಿಗೆ, ಒಂದು ಕಂದೀಲು, ಒಂಟಿ ಕೆರ. ಒಂದು ಚರಿಗೆ ತನ್ನದು ತನ್ನದೆಂದು ಇಬ್ಬರು ಹೆಂಗಸರು ಜಗಳಕ್ಕೆ ನಿಂತರು. ಅತ್ತೆಯರು ಬಂದರು, ಗಂಡಂದಿರು ಬಂದರು. ಕಡೆಗೆ ಒಬ್ಬ ಮುದುಕ, "ಬಾವ್ಯಾಗಿದ್ದಾಗ ಊರು ತಣ್ಣಗಿತ್ತು. ನಿನಗ ಎತ್ತು ಅಂದವರ್ಯಾರಪಾ?" ಎಂದು ಮಾಮನನ್ನೇ ತರಾಟೆಗೆ ತೆಗೆದುಕೊಂಡ. ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿದೆವು.

ಕರೂರಿನಲ್ಲಿ ಹೀಗಾಗಲಿಲ್ಲ. ಅಲ್ಲಿ ಒಬ್ಬ ರೈತನ ಮನೆಯ ಬಾವಿಯಿಂದ ಮಾಮ ಹಂಡೆಯಷ್ಟು ದೊಡ್ಡ ಹಿತ್ತಾಳೆ ಕೊಡ ಎತ್ತಿದರು. ಅತ್ತೆ ಕುಣಿದಾಡಿದಳು. ಹೊಸದಾಗಿ ಬಂದ ಸೊಸೆ ಮಾತ್ರ ಮಾಮನನ್ನು ಸುಡುವಂತೆ ನೋಡಿದಳು. ಕೈಯಲ್ಲಿ ಹೊಸದಾಗಿ ಕೊಂಡ ಪುಟ್ಟ ಕೊಡ ಹಿಡಿದಿದ್ದಳು. ಇನ್ನು ದಿನಾ ಆ ಹಂಡೆಯಂಥದನ್ನೇ ಹೊರಬೇಕು, ಪುಟ್ಟ ಕೊಡಕ್ಕೆ ಅಟ್ಟವೇ ಗತಿ! ಬಸ್ಸು ಬಳ್ಳಾರಿ ಮುಟ್ಟುವ ಹೊತ್ತಿಗೆ ಮಾಮ ಹಣೆ ಹಣೆ ಬಡಿದುಕೊಂಡರು. "ಲೇ, ಆಕಿ ಬೇಕಂತ್ಲೇ ಬಿಟ್ಟಿದ್ಲಲೇ ಅದನ್ನ!"

ಮುಂದಿನ ಭಾನುವಾರ ಯಾವ ಬಸ್ಸು ಮೊದಲು ಬಂದರೂ ಹತ್ತಲಿಲ್ಲ. ನೆಟ್ಟಗೆ ಕರೂರಿಗೆ ಹೋಗಿ, ನೀರಡಿಕೆ ಎಂದು ಹೇಳಿ, ತಾವೇ ಸೇದಿ ಕುಡಿಯುವ ನೆವದಲ್ಲಿ ಆ ದೊಡ್ಡ ಕೊಡವನ್ನು ತಿರುಗಿ ಬಾವಿಗೆ ಬಿಟ್ಟು ಬಂದರು! ಅತ್ತೆ ಬೈದಳಂತೆ. ಸೊಸೆ ಮಜ್ಜಿಗೆ ಕೊಟ್ಟಳಂತೆ.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಬೇಸಿಗೆ. ಶನಿವಾರ ಮಧ್ಯಾಹ್ನ ಮಾಮ ಕಚೇರಿಯಲ್ಲಿದ್ದರು. ಹುಣಸೆಹಣ್ಣಿನ ಗಡಿಗೆ ಇಳಿಸಲು ಅಟ್ಟ ಹತ್ತಿದವನು ಹಳೆಯ ಕೌದಿಯೊಂದನ್ನು ಸರಿಸಿದೆ. ಕೆಳಗೆ ನಮ್ಮವ್ವನ ತಾಮ್ರದ ಕೊಡ! ಅದನ್ನು ಇಳಿಸಿ ಅಕ್ಕನ ಮುಂದೆ ಹಿಡಿದೆ.

"ಹಿಂದಿನ ಬ್ಯಾಸಿಗ್ಯಾಗ ನೀವಿಬ್ಬರೂ ದೇಶನೂರಿಗೆ ಹೋದ ದಿನ ಬಾವಿ ಹೂಳು ತೆಗಿಸಿದ್ದೆ. ಆಗ ಸಿಕ್ತು" ಎಂದಳು ಅಕ್ಕ.

"ಮತ್ತ ಹೇಳಬಾರದೇನು?"

"ಹೇಳಿದ್ರ ಅವರು ಆಯ್ತವಾರ ಏನು ಮಾಡಬೇಕು? ಆರು ದಿನ ಮಂದಿ ಹೇಳಿದಂಗ ಬರೀತಾರ. ಒಂದು ದಿನ ಅವರದು."

ಅಕ್ಕ ಕೊಡ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಅದರ ಮೈತುಂಬ ಕೊಕ್ಕೆಯ ಗೀರುಗಳು. ಒಂದೊಂದರ ಮೇಲೂ ಬೆರಳಾಡಿಸಿದಳು.

"ಆದ್ರ ವಾರಾ ವಾರಾ ಟಣ್ ಅಂತೈತಲ್ಲಕ್ಕಾ? ಕೊಡ ಇಲ್ಲಿದ್ರ ಅಲ್ಲಿ ಯಾವ್ದು ಬಡಿಯೋದು?"

"ನಾಳೆ ಎದ್ದು ನೋಡು" ಎಂದಳು.

ಮರುದಿನ ಹಿತ್ತಲ ಬಾಗಿಲ ಸಂದಿಯಿಂದ ನೋಡಿದೆ. ಮಾಮ ಗರಡಿ ಇಳಿಬಿಟ್ಟರು. ಸದ್ದಿಲ್ಲ. ಇನ್ನೊಮ್ಮೆ ಬಿಟ್ಟರು, ಬಗ್ಗಿ ಬಗ್ಗಿ ಕೇಳಿದರು. ಇಲ್ಲ. ಮೇಲೆಳೆದುಕೊಂಡರು. ಅಡುಗೆಮನೆಯ ಕಡೆ ಕಳ್ಳನಂತೆ ನೋಡಿ, ಗರಡಿಯನ್ನು ರಾಟೆಯ ಕಬ್ಬಿಣಕ್ಕೆ ಒಂದೇಟು ಬಡಿದರು. "ಟಣ್!" ಆಮೇಲೆ, "ಐತಿ! ಅಲ್ಲೇ ಐತಿ!" ಎಂದು ಕೂಗಿದರು. ಹೆಂಡತಿಯ ತವರಿನ ಕೊಡ ಹೂಳಿನಲ್ಲಿ ಹೂತುಹೋಯಿತೆಂದು ತಿಳಿದಿದ್ದರು. ಅದನ್ನು ಅವಳಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ. ಅವರು ಹೋದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ಈ ಮನುಷ್ಯನನ್ನು ನೋಡಿ ಎಷ್ಟು ನಕ್ಕಿದ್ದೇವಲ್ಲ ಎನಿಸಿತು.

ಮುಂದಿನ ಶನಿವಾರ ಮಾಮ ಕಚೇರಿಗೆ ಹೋದಾಗ ಅಕ್ಕ ಕೊಡವನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿದಳು. "ಕರೂರಾಗ ಅವರು ಬಿಡಲಿಲ್ಲೇನು? ನಾವೂ ಬಿಡೋಣು ಬಾ" ಎಂದಳು.

"ಅವ್ವನದಲ್ಲೇನಕ್ಕಾ?"

"ಅವ್ವ ಇದ್ದಿದ್ರೂ ಇದನ್ನ ಮಾಡಂತಿದ್ಲು."

ಇಬ್ಬರೂ ಸೇರಿ ಮೆಲ್ಲಗೆ ಇಳಿಬಿಟ್ಟೆವು. ಹಗ್ಗದ ಜಾರುಗಂಟು ಬಿಚ್ಚಿಕೊಂಡಿತು. ಅಕ್ಕ ಬಹಳ ಹೊತ್ತು ಬಗ್ಗಿ ನೋಡುತ್ತ ನಿಂತಳು.

ಭಾನುವಾರ ಬೆಳಿಗ್ಗೆ ಬಾವಿಯ ಆಳದಿಂದ ಬಂತು, "ಟಣ್!"

ಮಾಮ ಗರಡಿಯನ್ನು ಮೇಲೆಳೆದು ತಿರುಗಿ ಇಳಿಬಿಟ್ಟರು. ಮತ್ತೊಮ್ಮೆ, "ಟಣ್!"

"ಐತಿ!" ಎಂದರು ಮಾಮ. ದನಿ ಒಡೆದಿತ್ತು. "ಏ, ಕೇಳಿದ್ಯಾ? ಐತಿ! ಖರೇನ ಐತಿ!"

"ವಾರಾ ವಾರಾ ಹೇಳ್ತೀರಲ್ರಿ, ಇವತ್ತೇನು ಹೊಸಾದು?" ಎಂದಳು ಅಕ್ಕ ಒಳಗಿನಿಂದಲೇ, ಸೆರಗಿನಲ್ಲಿ ಮುಖ ಒತ್ತಿಕೊಂಡು.

"ಬರೋ ವಾರ ತೆಗೀತೀನಿ!" ಎಂದು ಮಾಮ ಹಗ್ಗ ಸುತ್ತಿಕೊಂಡು, ಬುತ್ತಿಯನ್ನೂ ಮರೆತು ಬಸ್ಸಿಗೆ ಓಡಿದರು. ಆ ಸಂತೋಷದಲ್ಲಿ ಅಡದ ತಂಬಿಗೆ ಇಡುವುದನ್ನೂ ಮರೆತಿದ್ದರು. ನಾನು ಸದ್ಯ ಬದುಕಿದೆನೆಂದು ಅದಕ್ಕೆ ಕೈಹಾಕಿದೆ. ಅಕ್ಕ ನನ್ನ ಕೈಯಿಂದ ಕಸಿದುಕೊಂಡು ಗೂಟಕ್ಕೆ ತೂಗುಹಾಕಿದಳು.

"ಅವರು ಬರೂ ತನಕ ಮುಟ್ಟಬ್ಯಾಡ" ಎಂದಳು. "ಪದ್ಧತಿ ಅಂದ್ರ ಪದ್ಧತಿ."