ಮೂವತ್ನಾಲ್ಕು ಇಂಚಿನ ಹಠ

ನಮ್ಮನೆಗೆ ಹೊಸ ಸಾಮಾನು ಒಂದು ಬಂತು ಅಂದ್ರೆ ಅದರ ಹಿಂದೇನೇ ಒಂದು ಕಥೆಯೂ ಬಾಲ ಅಲ್ಲಾಡಿಸ್ಕೊಂಡು ಬಂದೇ ಬರುತ್ತೆ. ಮಿಕ್ಸಿ ತಂದಾಗಲೂ ಬಂತು, ಫ್ರಿಜ್ ತಂದಾಗಲೂ ಬಂತು. ಆದ್ರೆ ಅವೆಲ್ಲ ಬೇರೆಯವರು ಆರಿಸಿದ ಸಾಮಾನು. ಮಿಕ್ಸಿ ಅತ್ತೆ ಆರಿಸಿದ್ದು. ಲ್ಯಾಪ್‌ಟಾಪ್ ನಾದಿನಿ ಗಂಡ ಆರಿಸಿದ್ದು. ನನ್ನ ಮೂಗಿನ ಮೇಲಿರೋ ಕನ್ನಡಕದ ಫ್ರೇಮ್ ಕೂಡ "ಗಟ್ಟಿ ಐತೆ, ಬಿದ್ರೂ ಮುರಿಯಲ್ಲ" ಅಂತ ಯಜಮಾನರು ಆರಿಸಿದ್ದು. ಅದಕ್ಕೇ ಮಾನಿಟರ್ ವಿಷಯ ಬಂದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳ್ಬಿಟ್ಟೆ: "ಈ ಸಲ ನಾನೇ ಆರಿಸೋದು. ಯಾರೂ ಬಾಯಿ ಹಾಕಂಗಿಲ್ಲ."

ಎಲ್ಲರೂ ಅಂದ್ರೆ ಇಬ್ಬರೇ, ಅತ್ತೆ ಮತ್ತು ಯಜಮಾನರು. ವನಗೂರಿನ ಕಡೆ ನಮ್ಮದು ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ. ಯಜಮಾನರು ಆರಡಿ ಮೇಲೆ ಇದ್ದಾರೆ, ನಮ್ಮನೆ ಬಾಗಿಲುಗಳು ಅಷ್ಟಿಲ್ಲ. ಚಿಕ್ಕಂದಿನಿಂದ ಬಾಗಿಲಿಗೆ ತಗ್ಗಿ, ಕಾಫಿ ಗಿಡದ ಕೆಳಗೆ ನುಗ್ಗಿ, ಬೆನ್ನು ಬಗ್ಗಿದ್ದು ಹಾಗೇ ನಿಂತುಬಿಟ್ಟಿದೆ. "ನೆಟ್ಟಗ್ ನಿಂತ್ಕೊಳೋ" ಅಂತ ಅತ್ತೆ ದಿನಾ ಹೇಳ್ತಾರೆ. ಅವರು ನಿಂತ್ಕೊಳ್ಳಲ್ಲ.

ಎರಡು ಮೋರಿ

ನಾನು ಹಾಸನದ ಒಂದು ಆಫೀಸಿಗೆ ಮನೇಲೇ ಕೂತು ರಸ್ತೆ ನಕ್ಷೆ ಬರೆದು ಕೊಡ್ತೀನಿ. ಮನೆ ನಕ್ಷೆ ಆದ್ರೆ ಚೌಕವಾಗಿ ಸ್ಕ್ರೀನಿನಲ್ಲಿ ಕೂತ್ಕೊಳ್ಳುತ್ತೆ. ರಸ್ತೆ ನಕ್ಷೆ ಹಾಗಲ್ಲ ನೋಡಿ, ಉದ್ದಕ್ಕೆ ಹೋಗ್ತಾನೇ ಇರುತ್ತೆ. ನನ್ನ ಪುಟ್ಟ ಲ್ಯಾಪ್‌ಟಾಪಿನಲ್ಲಿ ಈ ತುದಿ ನೋಡಿದ್ರೆ ಆ ತುದಿ ಇಲ್ಲ, ಆ ತುದಿಗೆ ಹೋದ್ರೆ ಈ ತುದಿ ಮಾಯ. ಹೀಗೆ ಅತ್ತಿಂದಿತ್ತ ಎಳೆದಾಡ್ತಾ ಒಂದು ದಿನ ರಸ್ತೆ ಕೆಳಗೆ ನೀರು ಹೋಗೋಕೆ ಒಂದು ಮೋರಿ ಹಾಕಿದೆ. ಊಟ ಮಾಡ್ಕೊಂಡು ಬಂದು, ಹಾಕಿದ್ದು ಕಾಣದೆ, ಹಳ್ಳ ಒಂದೇ ಇದ್ರೂ ಪಕ್ಕದಲ್ಲೇ ಇನ್ನೊಂದು ಹಾಕಿದೆ.

ಆಫೀಸಿನ ಮೇಡಂ ಫೋನ್ ಮಾಡಿದ್ರು. "ಏನ್ರೀ, ನಿಮ್ ಕಡೆ ನೀರು ಒಂದು ಮೋರೀಲಿ ಹೋಗಿ, ಏನೋ ಮರ್ತು ಬಂದೆ ಅಂತ ಇನ್ನೊಂದ್ರಲ್ಲಿ ವಾಪಸ್ ಬರುತ್ತಾ?"

ನಗು ಬಂತು, ಅಳುವೂ ಬಂತು. ಆಮೇಲೆ ಅವರು ನಗದೆ ಹೇಳಿದ್ರು: "ಘಾಟಿ ರಸ್ತೆಯ ದೊಡ್ಡ ಕೆಲಸ ಬಂದಿದೆ. ಮೊದಲನೇ ನಕ್ಷೆ ಈ ತಿಂಗಳ ಕೊನೇ ಸೋಮವಾರ ಕೈಗೆ ಬರಬೇಕು. ಸರಿಯಾಗಿದ್ರೆ ಪೂರ್ತಿ ಕೆಲಸ ನಿಮಗೆ. ಇಲ್ಲಾಂದ್ರೆ ಇಲ್ಲಿ ಆಫೀಸಲ್ಲಿ ಕೂರೋರಿಗೆ ಕೊಟ್ಬಿಡ್ತೀನಿ, ಬೇಜಾರ್ ಮಾಡ್ಕೋಬಾರ್ದು."

ಬೇಜಾರೇನು ಬಂತು, ಹಠ ಬಂತು. ಘಾಟಿ ರಸ್ತೆ ನಾನಲ್ಲದೆ ಇನ್ಯಾರು ಬರೀಬೇಕು? ಇಲ್ಲಿಂದ ಸಕಲೇಶಪುರಕ್ಕೆ ಹೋಗೋ ಒಂದೊಂದು ತಿರುವಿನಲ್ಲೂ ನಾನು ಒಂದೊಂದು ಸಲ ವಾಂತಿ ಮಾಡಿದ್ದೀನಿ.

ಪಕ್ಕದ ಕಾಡು

ದೊಡ್ಡ ಸ್ಕ್ರೀನು ಬರೀ ಕೆಲಸಕ್ಕೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮಧ್ಯಾಹ್ನ ಊಟ ಆದ್ಮೇಲೆ ನಾನು ಸ್ವಲ್ಪ ಹೊತ್ತು ರೈಲು ಓಡಿಸ್ತೀನಿ. ಆಟದ ರೈಲು. ಗುದ್ದಾಟ ಇಲ್ಲ, ಗುಂಡು ಹಾರಿಸೋದಿಲ್ಲ, ಸುಮ್ನೆ ಸಿಗ್ನಲ್ ನೋಡ್ಕೊಂಡು ಬೆಟ್ಟ ಹತ್ತೋದು, ಇಳಿಯೋದು.

ಅತ್ತೆ ಒಂದಿನ ಹಿಂದೆ ಬಂದು ನಿಂತ್ರು. ಬೈಸ್ಕೊಂಡೆ ಅಂದ್ಕೊಂಡೆ. ಆದ್ರೆ ಅತ್ತೆಯ ತವರು ಎಡಕುಮೇರಿ ಕಡೆ, ಅವರಪ್ಪ ರೈಲ್ವೆ ಲೈನಿನಲ್ಲಿ ಕೆಲಸ ಮಾಡ್ತಿದ್ದವರು. ಬೈಯೋದು ಬಿಟ್ಟು ಕುರ್ಚಿ ಎಳ್ಕೊಂಡು ಕೂತ್ರು. ಎರಡು ಸುರಂಗ ದಾಟಿದ ಮೇಲೆ ಕೇಳಿದ್ರು, "ಪಕ್ಕದ್ ಕಾಡೆಲ್ಲಿ?"

"ಇಷ್ಟೇ ಅತ್ತೆ, ಮುಂದಿಂದು ಮಾತ್ರ ಕಾಣೋದು."

"ಕಾಡೇ ಕಾಣ್ದಿದ್ ಮೇಲೆ ಅದ್ಯಾವ್ ಸೀಮೆ ರೈಲೇ? ನಮ್ಮಪ್ಪ ಎಂಜಿನ್ನಲ್ಲಿ ಒಂದ್ಸಲ ಕೂರಿಸಿದ್ರು. ಎರಡೂ ಕಡೆ ಕಾಡು ಹಂಗೇ ಓಡೋದು."

ಅಗಲದ ಸ್ಕ್ರೀನು ತಂದ್ರೆ ಎರಡೂ ಕಡೆ ಕಾಣುತ್ತೆ ಅಂದೆ. ಸಂಜೆ ಅತ್ತೆ ಮಗನಿಗೆ ಕಾಫಿ ಕೊಡ್ತಾ ಹೇಳೋದು ಕೇಳಿಸ್ತು: "ಪಾಪ ಕಣೋ, ಸೊಸೆಗೆ ಕೆಲಸಕ್ಕೆ ತುಂಬಾ ತೊಂದ್ರೆ ಆಗ್ತೈತೆ. ಬೇಗ ಕೊಡ್ಸು."

ಮಿಲಿಸೆಕೆಂಡು

ಹಾಸನದ ಅಂಗಡಿಗೆ ಇಬ್ಬರೂ ಹೋದ್ವಿ. ಅಂಗಡಿಯವನು ಕೇಳಿದ, "ಕೆಲಸಕ್ಕಾ, ಗೇಮಿಗಾ?"

"ಎರಡಕ್ಕೂ."

ಅವನು ಯಜಮಾನರ ಕಡೆ ತಿರುಗಿದ. "ಯಾವ್ ಗೇಮ್ ಆಡ್ತೀರಾ ಸಾರ್?"

"ನಾನಲ್ಲಪ್ಪ, ಇವಳು. ರೈಲು ಬಿಡ್ತಾಳೆ" ಅಂದ್ರು ಯಜಮಾನರು, ತಮಗೂ ಆ ಆಟಕ್ಕೂ ಸಂಬಂಧ ಇಲ್ಲ ಅನ್ನೋ ಹಾಗೆ. ಅಷ್ಟು ಹೇಳಿ, ಸ್ಪ್ರೇಯರಿಗೆ ವಾಷರ್ ತರ್ತೀನಿ ಅಂತ ಹೊರಟೇಬಿಟ್ರು. ಒಳ್ಳೇದೇ ಆಯ್ತು ಅಂತ ಆಗ ನನಗನ್ನಿಸ್ತು.

ಅಂಗಡಿಯವನು ಒಂದು ಬಹಳ ದುಬಾರಿ ಮಾನಿಟರಿನ ಚಿತ್ರ ತೋರಿಸಿದ. "ಇದು ತಗೊಳ್ಳಿ ಮೇಡಂ. ಗುಂಡಿ ಒತ್ತಿದ ಒಂದೇ ಮಿಲಿಸೆಕೆಂಡಿಗೆ ಸ್ಕ್ರೀನಲ್ಲಿ ಬಂದ್ಬಿಡುತ್ತೆ."

"ನೋಡಪ್ಪಾ, ನನ್ನ ರೈಲು ಬ್ರೇಕ್ ಹಾಕಿದ್ ಮೇಲೆ ಒಂದು ಮೈಲಿ ಹೋಗಿ ನಿಲ್ಲೋದು. ನಿನ್ನ ಮಿಲಿಸೆಕೆಂಡ್ ಇಟ್ಕೊಂಡು ನಾನೇನು ಮಾಡ್ಲಿ?"

ಹಾಗಾದ್ರೆ ಎರಡು ಸಾಧಾರಣ ಮಾನಿಟರ್ ಪಕ್ಕಪಕ್ಕ ಇಟ್ಕೊಳ್ಳಿ ಅಂದ. ಎರಡರ ನಡುವೆ ಒಂದು ದಪ್ಪ ಪಟ್ಟಿ ಬರುತ್ತಲ್ಲ, ನನ್ನ ಮೋರಿ ಅದರ ಹಿಂದೆ ಹೋಗಿ ಬಚ್ಚಿಟ್ಕೊಳ್ಳುತ್ತೆ, ಬೇಡ ಅಂದೆ. ಕೊನೆಗೆ ಮೂವತ್ನಾಲ್ಕು ಇಂಚಿನದಕ್ಕೆ ಬಂದು ನಿಂತ್ವಿ. ಅಕ್ಷರ ಚೊಕ್ಕವಾಗಿ ಕಾಣಬೇಕು, ಅದು ಮೊದಲು. ರೈಲು ಓಡುವಾಗ ಚಿತ್ರ ತಡವರಿಸಬಾರದು, ಅದು ಆಮೇಲೆ. ಎರಡು ತುದಿಯೂ ಸ್ವಲ್ಪ ಒಳಕ್ಕೆ ಬಾಗಿರೋದು ತಗೊಂಡ್ರೆ ಕತ್ತು ತಿರುಗಿಸೋದು ಕಮ್ಮಿ ಅಂದ. ಗೆರೆ ಎಲ್ಲಾ ಡೊಂಕಾಗಿ ಕಾಣಲ್ವಾ ಅಂತ ಕೇಳಿದೆ. ಎರಡು ದಿನಕ್ಕೆ ಅಭ್ಯಾಸ ಆಗುತ್ತೆ ಮೇಡಂ, ಆಮೇಲೆ ಬಾಗಿದೆ ಅನ್ನೋದೇ ಗೊತ್ತಾಗಲ್ಲ ಅಂದ. ನನ್ನ ಕತ್ತು ನನ್ನ ಪರವಾಗಿ ಹೂಂ ಅಂತು.

ಮಾಲು ಅಂಗಡೀಲಿ ಇರ್ಲಿಲ್ಲ, ಬಸ್ಸಿಗೆ ಹಾಕಿ ಸಕಲೇಶಪುರಕ್ಕೆ ಕಳಿಸೋದು ಅಂತಾಯ್ತು. ಯಜಮಾನರು ವಾಷರ್ ಹಿಡ್ಕೊಂಡು ವಾಪಸ್ ಬಂದಾಗ ವ್ಯಾಪಾರ ಮುಗಿದಿತ್ತು. "ಎಷ್ಟಿಂಚು?" ಅಂದ್ರು. ಮೂವತ್ನಾಲ್ಕು ಅಂದೆ. ಅವರು ಕೇಳಿದ್ದೂ ಅಷ್ಟೇ, ನಾನು ಹೇಳಿದ್ದೂ ಅಷ್ಟೇ.

ರಟ್ಟಿನ ಮಾನಿಟರ್

ಮರುದಿನ ಯಜಮಾನರು ಟೇಪು, ರಟ್ಟು, ಕತ್ತರಿ ತಗೊಂಡು ನನ್ನ ಟೇಬಲ್ ಹತ್ತಿರ ಬಂದ್ರು.

"ಬಾಯಿ ಹಾಕಬಾರ್ದು ಅಂದಿದ್ದೆ" ಅಂದೆ.

"ಬಾಯಿ ಎಲ್ಲಿ ಹಾಕ್ದೆ? ಕೈ ಹಾಕ್ತಾ ಇದೀನಿ. ಜಾಗ ಸಾಲುತ್ತೋ ಇಲ್ವೋ ನೋಡ್ಬೇಕಲ್ಲ."

ಅಡ್ಡಕ್ಕೆ ಸರಿಯಾಗಿ ಮೂವತ್ನಾಲ್ಕು ಇಂಚು ಅಳೆದು ರಟ್ಟು ಕತ್ತರಿಸಿದ್ರು. "ರೀ, ಇದನ್ನ ಮೂಲೆಯಿಂದ ಮೂಲೆಗೆ ಅಳೆಯೋದು. ಅಡ್ಡಕ್ಕೆ ಅಷ್ಟು ಬರಲ್ಲ" ಅಂತ ಹೇಳಿದೆ.

"ಯಾರಾದ್ರೂ ಮೂಲೆಯಿಂದ ಮೂಲೆಗೆ ಅಳೀತಾರೇನೇ? ಹಂಗೆ ಅಳ್ದಿದ್ರೆ ನಮ್ ತೋಟನೂ ಎಸ್ಟೇಟ್ ಆಗಿರೋದು!"

ರಟ್ಟಿನ ಮಾನಿಟರನ್ನ ಟೇಬಲ್ ಮೇಲೆ ಗೋಡೆಗೆ ಒರಗಿಸಿಟ್ರು. ನಾನೂ ಬಂದು ಹೋಗೋವಾಗೆಲ್ಲ ಅದನ್ನ ಆಸೆಯಿಂದ ನೋಡಿದ್ದೇ ನೋಡಿದ್ದು. ಒಂದಿನ ಬೆಳಿಗ್ಗೆ ನೋಡಿದ್ರೆ ಇಲ್ಲ. ಮನೆಯೆಲ್ಲ ಹುಡುಕಿದೆ. ಅಂಗಳದಿಂದ ಅತ್ತೆ ಕೂಗಿದ್ರು, "ನಿನ್ ಮಾನಿಟರ್ ಮೇಲೆ ಮೆಣಸು ಒಣಗಾಕಿವ್ನಿ ಕಣಮ್ಮ. ಮೋಡ ಆದ್ರೆ ಒಳಕ್ ತಗಂಬಂದ್ಬುಡು!"

ಮುಂದಿನ ಸೀಟು

ಸೋಮವಾರ ನಕ್ಷೆ ಕೊಡಬೇಕು, ಮಾನಿಟರ್ ಬಂದಿದ್ದು ಶನಿವಾರ. ಅದೂ ನಾನು ಮಗ್ಗೆಗೆ, ನನ್ನ ತವರಿಗೆ, ತಮ್ಮನ ಮಗುವಿನ ನಾಮಕರಣಕ್ಕೆ ಹೋದ ದಿನವೇ. ನಮ್ಮೂರಿನ ಜೀಪ್ ಡ್ರೈವರಿಗೆ ಫೋನಿನಲ್ಲೇ ತಾಕೀತು ಮಾಡಿದೆ. "ಟಾಪ್ ಮೇಲೆ ಕಟ್ಟಬಾರ್ದು. ಮಲಗಿಸಬಾರ್ದು. ಯಾರೂ ಒರಗಬಾರ್ದು. ಅದಕ್ಕೇನಾದ್ರೂ ಆದ್ರೆ ನನ್ ಕೆಲಸ ಹೋಯ್ತು ಅಂತಾನೇ ತಿಳ್ಕೊ."

"ನೀವ್ ಹೆದರ್ಕೋಬೇಡಿ ಅಕ್ಕಾ, ನನ್ ಮಗು ಥರ ತರ್ತೀನಿ" ಅಂದ.

ತಂದ ಕೂಡ. ಪೆಟ್ಟಿಗೆಯನ್ನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಸಂದಿಗೆ ತನ್ನ ಸ್ವೆಟರ್ ತುರುಕಿದ್ದನಂತೆ. ಯಾವಾಗಲೂ ಆ ಸೀಟಿನಲ್ಲಿ ಕೂರೋ, ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರು ಅವತ್ತು ಹಿಂದೆ ಕಂಬಿ ಹಿಡ್ಕೊಂಡು ನೇತಾಡ್ಕೊಂಡು ಬಂದ್ರಂತೆ. ಇಳಿಯುವಾಗ ಕೇಳಿದ್ರಂತೆ, "ಅಲ್ಲಾ ಮಾರಾಯ, ನಾಳೆಯಿಂದ ನಾನೂ ಪೆಟ್ಟಿಗೇಲಿ ಕೂತ್ಕೊಂಡ್ ಬರ್ಲಾ?"

ಮೂಟೆ

ಭಾನುವಾರ ಸಕಲೇಶಪುರದಲ್ಲಿ ಬಸ್ಸಿಳಿದು ಅದೇ ಜೀಪ್ ಹತ್ತಿದೆ. ಯಾವಾಗಲೂ ಬಾಯಿ ಮುಚ್ಚದ ಡ್ರೈವರ್ ಅವತ್ತು ತುಟಿ ಪಿಟಕ್ ಅನ್ನಲಿಲ್ಲ. ಹಾರ್ನ್ ಕೂಡ ಮೆತ್ತಗೆ ಒತ್ತುತ್ತಿದ್ದ. ಕೊನೇ ಏರು ಬಂದಾಗ ಜೀಪನ್ನ ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಹೇಳಿದ:

"ಅಕ್ಕಾ, ಬೈಕೋಬೇಡಿ. ನಿಮ್ ಮಾನಿಟರ್ ಬಗ್ಗೋಗ್ಬುಟ್ಟೈತೆ."

"ಏನು?"

"ನೆನ್ನೆ ಬಿಚ್ಚಿದ್ವಿ ಅಕ್ಕಾ. ಎರಡೂ ತುದಿ ಒಳಕ್ ಬಂದ್ಬುಟ್ಟೈತೆ. ಅಣ್ಣ ರಟ್ಟು ತಂದು ಹಿಡ್ದು ನೋಡಿದ್ರು. ಬಗ್ಗಿ ಎರಡಿಂಚು ಕಮ್ಮಿನೂ ಆಗೈತೆ. ಬೆಲ್ಟ್ ಬಿಗಿಯಾಯ್ತು ಅನ್ಸುತ್ತೆ. ನೀವೇನೂ ಯೋಚ್ನೆ ಮಾಡ್ಬೇಡಿ, ಅಣ್ಣ ಇವತ್ತು ನೆಟ್ಟಗ್ ಮಾಡ್ತೀನಿ ಅಂದವ್ರೆ."

"ಹೆಂಗಪ್ಪಾ ನೆಟ್ಟಗೆ ಮಾಡ್ತಾರೆ?"

"ಬಗ್ಗಿರೋ ಹಲಗೆ ಮಾಡ್ತೀವಲ್ಲ, ಹಂಗೇ. ಹಾಸಿಗೆ ಮೇಲೆ ಮಲಗ್ಸಿ, ಮೇಲೊಂದು ಕಾಫಿ ಮೂಟೆ."

"ಬಿಡೋ ಗಾಡೀನ!" ಅಂತ ಕಿರುಚಿದೆ. ಮನೆ ಮುಂದೆ ಜೀಪ್ ಪೂರ್ತಿ ನಿಲ್ಲೋಕೆ ಮುಂಚೆ ಹಾರ್ಕೊಂಡು, ಕಾಫಿ ಮೂಟೆ ಇಡೋ ಸ್ಟೋರಿಗೆ ಓಡಿದೆ. ದಾರಿಯುದ್ದಕ್ಕೂ ದೇವರೇ, ಸೋಮವಾರ, ದೇವರೇ, ಸೋಮವಾರ ಅಂತ ಅದೊಂದೇ ಜಪ.

ಸ್ಟೋರಿನಲ್ಲಿ ಹಾಸಿಗೆ ಇತ್ತು. ಹಾಸಿಗೆ ಮೇಲೆ ನನ್ನ ಮಾನಿಟರ್ ಬೋರಲಾಗಿ ಮಲಗಿತ್ತು, ಮೇಲೊಂದು ಕಂಬಳಿ ಬೇರೆ. ಪಕ್ಕದಲ್ಲಿ ಕಾಫಿ ಮೂಟೆ. ಮೂಟೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಅತ್ತೆ ಎಲೆಅಡಿಕೆ ಹಾಕ್ತಿದ್ರು. ಎದುರಿಗೆ ಯಜಮಾನರು ಸೊಂಟಕ್ಕೆ ಟವೆಲ್ ಬಿಗಿದು ನಿಂತಿದ್ರು.

"ಏಳವ್ವಾ, ಅವಳು ಬರೋ ಹೊತ್ತಾಯ್ತು. ನೆಟ್ಟಗ್ ಮಾಡಿ ಇಟ್ಬುಡ್ತೀನಿ" ಅಂತಿದ್ರು ಅವರು.

"ಅವಳು ಬರ್ಲಿ. ಅಲ್ಲೀವರ್ಗೂ ನಾನ್ ಏಳಲ್ಲ. ಮೂಟೆ ಬೇಕು ಅಂದ್ರೆ ನನ್ನೂ ಸೇರ್ಸಿ ಎತ್ತು" ಅಂದ್ರು ಅತ್ತೆ. ಬೆಳಿಗ್ಗೆ ತಿಂಡಿ ಆದಾಗಿಂದ ಹಾಗೇ ಕೂತಿದ್ದಾರಂತೆ. ಕಾಫೀನೂ ಅಲ್ಲಿಗೇ ತರಿಸ್ಕೊಂಡು ಕುಡಿದ್ರಂತೆ.

"ಅದು ಬಗ್ಗಿಲ್ಲ ಕಣ್ರೀ, ಅದಿರೋದೇ ಹಾಗೆ! ನಾನೇ ನೋಡಿ ಆರಿಸಿದ್ದು!" ಅಂದೆ. ಅಷ್ಟು ಹೇಳೋದರಲ್ಲಿ ಅಳು ಬಂದುಬಿಡ್ತು.

ನಾನೂ ಅತ್ತೇನೂ ಅದನ್ನ ಎರಡು ಕಡೆ ಹಿಡ್ಕೊಂಡು ಒಳಗೆ ತಂದ್ವಿ. ಟೇಬಲ್ ಮೇಲಿಟ್ಟು, ವೈರು ಚುಚ್ಚಿ, ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಕಪ್ಪು. ಆಮೇಲೆ ಬೆಳಕು ಬಂತು. ಇಷ್ಟು ದಿನ ಲ್ಯಾಪ್‌ಟಾಪಿನಲ್ಲಿ ತುಂಡುತುಂಡಾಗಿ ಬರೀತಿದ್ದ ಘಾಟಿ ರಸ್ತೆ ಈ ತುದಿಯಿಂದ ಆ ತುದಿವರೆಗೆ ಒಂದೇ ಸಲಕ್ಕೆ ನನ್ನ ಕಣ್ಣ ಮುಂದೆ ಬಿಚ್ಕೊಳ್ತು. ಮೋರಿಗಳೆಲ್ಲ ಕಂಡ್ವು, ಒಂದೊಂದು ಹಳ್ಳಕ್ಕೆ ಒಂದೊಂದೇ. ಸೋಮವಾರ ಈ ಕೆಲಸ ನನ್ನ ಕೈ ತಪ್ಪಲ್ಲ ಅಂತ ಅವಾಗಲೇ ಗೊತ್ತಾಗಿ, ಎಷ್ಟು ಖುಷಿಯಾಯ್ತು ಅಂದ್ರೆ ಡ್ರೈವರನ್ನೂ ಬೈಯೋಕೆ ಮರೆತುಹೋಯ್ತು. ಅವನು ಬಾಗಿಲಲ್ಲಿ ನಿಂತು, ತಪ್ಪು ನಂದಲ್ವಲ್ಲ ಅಂತ ಕೈ ಮುಗಿದ.

ಯಜಮಾನರಿಗೆ ಮಾತ್ರ ಸಮಾಧಾನ ಇಲ್ಲ. ನಡುಮನೆ ಬಾಗಿಲಲ್ಲಿ ತಗ್ಗಿ ನಿಂತು ಗೊಣಗಿದ್ರು, "ಅಲ್ಲಾ ಕಣೆ, ಲೋಕದಲ್ಲಿ ನೆಟ್ಟಗಿರೋದು ಇರ್ಲಿಲ್ವಾ? ಬಗ್ಗಿರೋದನ್ನ ಯಾರಾದ್ರೂ ನೋಡಿ ನೋಡಿ ಆರಿಸ್ತಾರಾ?"

ನಾನು ಬಾಯಿ ತೆಗೆಯೋಕೆ ಮುಂಚೆ ಅತ್ತೆ ಶುರು ಮಾಡಿದ್ರು.

"ಯಾಕ್ ಆರಿಸಲ್ಲ? ಹೆಣ್ ನೋಡಕ್ಕೆ ಮಗ್ಗೆಗೆ ಹೋಗಿದ್ದಾಗ ನಾನೇ ಇವಳ ಕಿವೀಲಿ ಹೇಳಿದ್ದೆ, ಸರಿಯಾಗ್ ನೋಡ್ಕಳವ್ವಾ, ನನ್ ಮಗ ಒಂಚೂರು ಬಗ್ಗವ್ನೆ ಅಂತ. 'ನೋಡಿದೀನಿ, ಇದೇ ಇರ್ಲಿ' ಅಂದ್ಲು. ಅವತ್ತಿಂದ ಇವತ್ತಿನ್ವರೆಗೂ ನೆಟ್ಟಗ್ ಮಾಡ್ತೀನಿ ಅಂತ ನಿನ್ ಮೇಲೆ ಒಂದ್ ಮೂಟೆನಾದ್ರೂ ಹೇರವ್ಳೇನೋ?"

ಡ್ರೈವರ್ ಗೋಡೆ ಹಿಡ್ಕೊಂಡು ನಗೋಕೆ ಶುರು ಮಾಡಿದ. ಅತ್ತೆ ನನ್ನ ಪಕ್ಕ ಕುರ್ಚಿ ಎಳ್ಕೊಂಡು, "ನಿನ್ ನಕ್ಷೆ ಆಮೇಲೆ ಬರಿಯೋವಂತೆ, ಮೊದ್ಲು ಆ ರೈಲು ಬಿಡು" ಅಂದ್ರು.

ಯಜಮಾನರಿಗೆ ರೋಷ ಬಂತು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಎದೆ ಉಬ್ಬಿಸಿ, ಪೂರ್ತಿ ನೆಟ್ಟಗೆ ನಿಂತ್ರು. ಬಾಗಿಲ ಚೌಕಟ್ಟಿಗೆ ತಲೆ ಠಣ್ ಅಂತು.